ಸೊನ್ನೆ ಮೊಟ್ಟೆಯ ಟಗರು

ಹಿಕ್ಕೆಯಕ್ಕ ತೀರಿಕೊಂಡಾಗ ಅವಳಿಗೆ ಅರವತ್ತೇಳು ವರ್ಷ ನಾಲ್ಕು ತಿಂಗಳು. ಕುರಿ ಸಾಕಿದ ಮನೆಯ ಹಿರಿಯ ಮಗಳು; ಗಡಿಯಾರ ರಿಪೇರಿ ಮಾಡುವವನ ಹೆಂಡತಿ; ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂರುವ ಒಬ್ಬಳೇ ಮಗಳ ತಾಯಿ; ಮಂದೆ ಕಾಯುವ ಒಬ್ಬನೇ ತಮ್ಮನ ಅಕ್ಕ. ತಂದೆತಾಯಿ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಭದ್ರವಾಗಿತ್ತು. ಬೀದಿಯಲ್ಲಿ ಮಾತ್ರ ಯಾರನ್ನು ಕೇಳಿದರೂ 'ಹಿಕ್ಕೆಯಕ್ಕನ ಮನೆ' ಎಂದೇ ತೋರಿಸುತ್ತಿದ್ದರು.

ಆ ಹೆಸರು ಹುಟ್ಟಿದ್ದು ಗೇಲಿಯಿಂದ. ಕುರಿ ಕೊಳ್ಳುವವರೂ ಕಾಯುವವರೂ ಕುರಿಯ ಮುಖ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ, ಬೆನ್ನು ಒತ್ತುತ್ತಾರೆ. ಇವಳೋ ಹಳೆಯ ಪತ್ರಿಕೆಯ ಪೊಟ್ಟಣಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುರಿಯ ಹಿಂದೆ ಹಿಂದೆ ನಡೆಯುತ್ತಿದ್ದಳು. ಬಿಸಿಯಾರದ ಹಿಕ್ಕೆಯನ್ನು ಹೆಕ್ಕಿ, ಪೊಟ್ಟಣದ ಮೇಲೆ ಕಿವಿಬಿಲ್ಲೆಯ ಸಂಖ್ಯೆ ಬರೆದು, ಆಭರಣ ಇಡುವ ಜತನದಲ್ಲಿ ಬುಟ್ಟಿಗಿಡುತ್ತಿದ್ದಳು. "ಏನಕ್ಕಾ, ಇವತ್ತು ಎಷ್ಟು ತೊಲ ಸಿಕ್ತು?" ಎಂದು ಬೀದಿಯವರು ಕೇಳಿದರೆ, "ನಿಮ್ಮ ತಲೇಲಿ ಇರೋದಕ್ಕಿಂತ ಸ್ವಲ್ಪ ಕಡಿಮೆ" ಎನ್ನುವಳು. ಅಪಹಾಸ್ಯವನ್ನು ಬಿರುದಿನಂತೆ ಧರಿಸಿ ಓಡಾಡಿದವಳು ಅವಳು.

ಇದಕ್ಕೆಲ್ಲ ಒಂದು ಹಿನ್ನೆಲೆಯಿತ್ತು. ಅವಳ ತಂದೆಯ ಕಾಲದಲ್ಲಿ ಮಳೆ ಹಿಡಿದರೆ ಮಂದೆಗೆ ಜಂತುಹುಳುವಿನ ಔಷಧ ಕುಡಿಸುತ್ತಿದ್ದರು. ಮೊದಮೊದಲು ವರ್ಷಕ್ಕೆ ಎರಡು ಸಲ ಸಾಕಾಗುತ್ತಿತ್ತು, ಆಮೇಲೆ ನಾಲ್ಕು ಸಲ, ಕೊನೆಕೊನೆಗೆ ತಿಂಗಳಿಗೊಮ್ಮೆ. ಹುಳುಗಳು ಔಷಧಕ್ಕೆ ಒಗ್ಗಿಹೋಗಿದ್ದವು. ತಂದೆ ತೀರಿಕೊಂಡ ವರ್ಷ, ಔಷಧ ಕುಡಿದ ಕುರಿಗಳೇ ದವಡೆಯ ಕೆಳಗೆ ನೀರು ತುಂಬಿಕೊಂಡು, ಕಣ್ಣುರೆಪ್ಪೆಯ ಒಳಗು ಸುಣ್ಣ ಬಳಿದಷ್ಟು ಬೆಳ್ಳಗಾಗಿ ಒಂದೊಂದಾಗಿ ಮಗ್ಗುಲಾದವು. ಅರವತ್ತೊಂದು ತಲೆ. ತಮ್ಮ ಗುಂಡಿ ತೋಡಿ ತೋಡಿ ಸುಸ್ತಾಗಿ ಕುಳಿತಿದ್ದ. ಅಕ್ಕ ಮಾತ್ರ ಬೇಲಿಯಾಚೆ ಏನೂ ಆಗಿಲ್ಲವೆಂಬಂತೆ ಮೇಯುತ್ತಿದ್ದ ನಾಲ್ಕು ಕುರಿಗಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು.

"ಇವಕ್ಕೇನು ದೊಡ್ಡ ರೋಗ?" ಎಂದಳು.

"ಯಾವ ರೋಗಾನೂ ಇಲ್ವಲ್ಲಕ್ಕ!"

"ಅದನ್ನೇ ಕೇಳ್ತಿರೋದು. ಯಾಕಿಲ್ಲ?"

ಬದುಕಿದ್ದನ್ನೂ ಅನುಮಾನಿಸುವುದು ಅವಳ ಸ್ವಭಾವವಾಗಿತ್ತು. ಆ ಅನುಮಾನವನ್ನೇ ಹೊತ್ತು ಪಶುವೈದ್ಯರ ಬಳಿಗೆ ಹೋದಳು. ಕೆಲವು ಕುರಿಗಳ ಮೈ ತಾನಾಗಿಯೇ ಹುಳುವನ್ನು ನೆಲೆಯೂರಲು ಬಿಡುವುದಿಲ್ಲವೆಂದೂ, ಆ ಗುಣ ಮರಿಗಳಿಗೂ ಇಳಿಯುತ್ತದೆಂದೂ ಅವರು ಹೇಳಿದರು. ಅಂಥ ಟಗರು, ಅಂಥ ಕುರಿಗಳನ್ನೇ ಆರಿಸಿ ಕೂಡಿಸುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಔಷಧವೇ ಬೇಡದ ಮಂದೆ ನಿಲ್ಲುತ್ತದೆ. ಆರಿಸಲು ದಾರಿ ಒಂದೇ: ಹಿಕ್ಕೆಯನ್ನು ಉಪ್ಪುನೀರಿನಲ್ಲಿ ಕರಗಿಸಿ, ಸೋಸಿ, ತೇಲಿಬಂದ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಷರತ್ತೂ ಒಂದೇ: ಎಣಿಸುವ ಕಾಲದಲ್ಲಿ ಯಾವ ಕುರಿಗೂ ಔಷಧದ ಹನಿ ಸೋಕಿರಕೂಡದು. ಸೋಕಿದರೆ ಲೆಕ್ಕವೆಲ್ಲ ಸುಳ್ಳು.

ಶಾಲೆಯೊಂದು ಮೂಲೆಗೆಸೆದಿದ್ದ ಸೂಕ್ಷ್ಮದರ್ಶಕವನ್ನು ಅವಳು ಕೇಳಿ ತಂದಳು. ಅದರ ತಿರುಪುಗಳು ತುಕ್ಕು ಹಿಡಿದಿದ್ದವು, ಕನ್ನಡಿ ಒಡೆದಿತ್ತು. ಗಂಡ ಎರಡು ತಿಂಗಳು, ಅಂಗಡಿಯ ಕೆಲಸ ಮುಗಿದ ಮೇಲೆ, ಗಡಿಯಾರದ ಚಿಮುಟ ಹಿಡಿದು ಅದನ್ನು ಸರಿಪಡಿಸಿಕೊಟ್ಟ. ಅವನು ಮೆಲುಮಾತಿನವನು, ಕುರಿಯ ವಾಸನೆಗೆ ಮೂಗು ಮುರಿಯುವವನಲ್ಲ, ಹಾಗೆಂದು ಹಟ್ಟಿಗೆ ಕಾಲಿಡುವವನೂ ಅಲ್ಲ. ಹಿಂಬದಿಯ ಕೋಣೆಯಲ್ಲಿ ಬಡಗಣ ಕಿಟಕಿಗೆ ಮೇಜು ಹಾಕಿಕೊಟ್ಟವನೂ ಅವನೇ. "ಇಲ್ಲಿ ಬೆಳಕು ನಿಂತಿರುತ್ತೆ ಕಣೇ, ಕಣ್ಣಿಗೆ ಚುಚ್ಚಲ್ಲ" ಎಂದಿದ್ದ. ಗುರುವಾರ ಮಧ್ಯಾಹ್ನ ಅಲ್ಲಿ ಕುಳಿತಳೆಂದರೆ ಮೂರು ಗಂಟೆಗಳ ಕಾಲ ಅವಳು ತಲೆಯೆತ್ತುತ್ತಿರಲಿಲ್ಲ. ಹಟ್ಟಿ ಇದ್ದದ್ದು ಅವಳ ಬೆನ್ನ ಹಿಂದೆ.

ತನ್ನ ಮಂದೆಗೆ ಅವಳು ಮಾಡಿದ ಕಟ್ಟಳೆ ಕಠಿಣವಾಗಿತ್ತು. ತಿಂಗಳ ಮೊದಲ ಸೋಮವಾರ ಪ್ರತಿ ಕುರಿಯ ಕಣ್ಣುರೆಪ್ಪೆ ಮಡಚಿ ನೋಡುವುದು. ಕೆಂಪಗಿದ್ದರೆ ಸರಿ. ಬಿಳಿಚಿದ್ದರೆ ಪಶುವೈದ್ಯರು ಕೊಟ್ಟ ಔಷಧ ಕುಡಿಸಿ, ಕಿವಿಗೆ ಕೆಂಪು ದಾರ ಪೋಣಿಸಿ, ಚೇತರಿಸಿಕೊಂಡ ಕೂಡಲೇ ಕಟುಕನಿಗೆ ಕೊಟ್ಟುಬಿಡುವುದು. ಔಷಧದ ಹಂಗಿನಲ್ಲಿ ಬದುಕಿದ್ದು ಮಂದೆಯಲ್ಲಿ ಮರಿ ಹಾಕಕೂಡದು. ಮೊದಲ ವರ್ಷವೇ ಕೆಂಪು ದಾರ ಬಿದ್ದ ಮರಿಗಳಲ್ಲಿ ಒಂದು, ಆಗ ಹದಿನಾಲ್ಕು ವರ್ಷದವಳಾಗಿದ್ದ ಮಗಳು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಮಗಳು ಅತ್ತಳು, ಕಾಲು ಹಿಡಿದಳು, ಎರಡು ದಿನ ಅನ್ನ ಮುಟ್ಟಲಿಲ್ಲ. ಹಿಕ್ಕೆಯಕ್ಕ ಜಗ್ಗಲಿಲ್ಲ. ಗಂಡ ಆಗ ಒಂದು ಮಾತನ್ನೂ ಆಡಲಿಲ್ಲ. ಅವನ ಮೌನವನ್ನು ಅವಳು ಒಪ್ಪಿಗೆಯೆಂದೇ ಎಣಿಸಿದಳು.

ಹೀಗೆ ಒಂಬತ್ತು ವರ್ಷ ಕಳೆಯಿತು. ಕೆಂಪು ದಾರ ವರ್ಷವರ್ಷಕ್ಕೆ ಕಡಿಮೆಯಾಗುತ್ತ ಬಂತು. ನೂರಮೂವತ್ತೆರಡು ತಲೆಗಳ ಮಂದೆ ನಿಂತಿತು. ಅದರಲ್ಲಿ ಕಂದುಮೈಯ, ಬಲಗೊಂಬು ಸ್ವಲ್ಪ ಮುಂದಕ್ಕೆ ಬಾಗಿದ ಒಂದು ಟಗರು ಎದ್ದುಬಂತು. ಬೇರೆಯವರ ಕುರಿಗಳಲ್ಲಿ ಗ್ರಾಂ ಹಿಕ್ಕೆಗೆ ಎರಡು ಸಾವಿರ ಮೊಟ್ಟೆ ಕಂಡರೆ ಇದರಲ್ಲಿ ಇನ್ನೂರೈವತ್ತು, ಮುನ್ನೂರು. ಕುರಿಗಾರರ ಸಂಘದವರು ಗೇಲಿ ಮರೆತು ಅವಳ ಜಗಲಿಗೆ ಬಂದರು. ಹನ್ನೊಂದು ಮನೆಯವರು ತಮ್ಮ ಕುರಿಗಳನ್ನು ಈ ಟಗರಿಗೆ ಬಿಡಿಸುವುದೆಂದೂ, ಹುಟ್ಟುವ ಮರಿಗಳಿಗೆ ಮುಂದಿನ ಮಳೆಗಾಲದಲ್ಲಿ ಔಷಧ ಮುಟ್ಟಿಸುವುದಿಲ್ಲವೆಂದೂ ಅವಳ ಮಾತಿನ ಮೇಲೆ ಒಪ್ಪಿಕೊಂಡರು. ದಿನವೂ ಗೊತ್ತಾಯಿತು.

ಆ ದಿನಕ್ಕೆ ಹನ್ನೆರಡು ದಿನ ಮುಂಚೆ, ಒಂದು ಗುರುವಾರ, ಅವಳು ಟಗರಿನ ಹಿಕ್ಕೆಯನ್ನು ಕೊನೆಯ ಸಲ ಎಣಿಸಲು ಕುಳಿತಳು. ಗಾಜಿನ ಪಟ್ಟಿಯ ಮೇಲೆ ಒಂದು ಮೊಟ್ಟೆಯೂ ಕಾಣಲಿಲ್ಲ. ಇನ್ನೊಂದು ಪಟ್ಟಿ ಮಾಡಿದಳು. ಇಲ್ಲ. ಉಪ್ಪುನೀರು ಹೊಸದಾಗಿ ಕಾಯಿಸಿ, ಬೇರೆ ಪೊಟ್ಟಣ ಬಿಚ್ಚಿ ಮೂರನೆಯದನ್ನು ನೋಡಿದಳು. ಸೊನ್ನೆ.

ಸುದ್ದಿ ಕೇಳಿ ಸಂಘದ ಅಧ್ಯಕ್ಷ ಓಡೋಡಿ ಬಂದ. "ಸೊನ್ನೆ! ತಾಯಿ, ನೀನು ಗೆದ್ದೆ! ಹೊಟ್ಟೇಲಿ ಹುಳಾನೇ ಇಲ್ಲ ಅಂದ್ರೆ ಇನ್ನೇನು ಬೇಕು?"

ಹಿಕ್ಕೆಯಕ್ಕ ಮುಖ ಗಂಟಿಕ್ಕಿಕೊಂಡೇ ನಿಂತಿದ್ದಳು. ಹೊಲದಲ್ಲಿ ಮೇಯುವ ಕುರಿ ಎಷ್ಟೇ ಗಟ್ಟಿಯಾಗಿರಲಿ, ನಾಲ್ಕಾರು ಹುಳು ಹೊಟ್ಟೆ ಸೇರಿಯೇ ಸೇರುತ್ತವೆ. ಮೈಯ ಸ್ವಂತ ಬಲ ಹುಳುವನ್ನು ಅಂಕೆಯಲ್ಲಿಡುತ್ತದೆ; ಗುಡಿಸಿ ಹಾಕುವುದಿಲ್ಲ. ಗುಡಿಸಿ ಹಾಕುವುದು ಔಷಧ. ಇಷ್ಟು ದಿನ ಇನ್ನೂರೈವತ್ತು ಇದ್ದದ್ದು ರಾತ್ರಿ ಬೆಳಗಾಗುವಷ್ಟರಲ್ಲಿ ಸೊನ್ನೆಯಾಗಿದೆ ಎಂದರೆ ಯಾರೋ ಅದರ ಬಾಯಿಗೆ ಔಷಧ ಸುರಿದಿದ್ದಾರೆ. ಎಲ್ಲರೂ ಕುಣಿಯುತ್ತಿದ್ದ ಆ ಸೊನ್ನೆ ಅವಳೊಬ್ಬಳಿಗೆ ಮಾತ್ರ ಕಳ್ಳತನದ ಗುರುತಾಗಿ ಕಂಡಿತು. ಕಳ್ಳ ಟಗರನ್ನು ಹನ್ನೊಂದು ಮಂದೆಗೆ ಬಿಟ್ಟರೆ, ಅದರ ಮರಿಗಳು ಮುಂದಿನ ಮಳೆಗಾಲದಲ್ಲಿ ಔಷಧವಿಲ್ಲದೆ, ಅವಳ ಮಾತು ನಂಬಿಕೊಂಡೇ ಸಾಯುತ್ತವೆ.

ಅವಳು ಯಾರಿಗೂ ಏನೂ ಹೇಳಲಿಲ್ಲ. ಮರುದಿನ ಔಷಧದಂಗಡಿಯ ಕಟ್ಟೆ ಹತ್ತಿದಳು. ಆ ಅಂಗಡಿಯವನಿಗೂ ಅವಳಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಅವಳ ಪ್ರಯೋಗ ಗೆದ್ದರೆ ಅವನ ಕಪಾಟು ಧೂಳು ಹಿಡಿಯುತ್ತದೆ.

"ನಮ್ಮನೆಯವರು ಯಾರಾದ್ರೂ ಜಂತಿನ ಔಷಧ ತಗೊಂಡು ಹೋದ್ರಾ?"

"ನಿಮ್ಮನೇಗಾ? ಅಕ್ಕಾ, ನಿಮ್ಮನೆಗೆ ನಾನು ಔಷಧ ಮಾರಿ ಒಂಬತ್ತು ವರ್ಷ ಆಯ್ತು. ನಿಮ್ಮ ಫೋಟೋ ಹಾಕಿಸಿ ದಿನಾ ಕೈ ಮುಗೀಬೇಕು ಅಂತಿದೀನಿ, ಇನ್ಯಾರಿಗೂ ಇಂಥ ಬುದ್ಧಿ ಕೊಡಬೇಡ ತಾಯಿ ಅಂತ."

"ಕೇಳಿದ್ದಕ್ಕೆ ಉತ್ತರ ಹೇಳು."

"ನಿಮ್ಮ ತಮ್ಮ ಹೋದ ವಾರ ಬಂದಿದ್ದ. ಗೊರಸಿಗೆ ಮುಲಾಮು ಬೇಕು ಅಂದ. ಅಷ್ಟೇಪ್ಪ."

ಗೊರಸಿಗೆ ಮುಲಾಮು. ಮನೆಯಲ್ಲಿ ಅರ್ಧ ಡಬ್ಬಿ ಮುಲಾಮು ಇತ್ತು. ಅವಳ ಅನುಮಾನಕ್ಕೆ ಕಾಲು ಮೂಡಲು ಅಷ್ಟು ಸಾಕಾಯಿತು. ಟಗರು ಹೆಸರಾದರೆ ತಮ್ಮನಿಗೆ ಹೆಮ್ಮೆ. ಹಿಂದಿನ ವಾರ ಸಂಘದ ಕಟ್ಟೆಯಲ್ಲಿ ಅವನು 'ನಮ್ಮ ಟಗರು, ನಮ್ಮ ಟಗರು' ಎಂದು ಎದೆ ಸೆಟೆಸಿ ತಿರುಗಿದ್ದನ್ನು ಅವಳೇ ಕಂಡಿದ್ದಳು. ಮಗಳನ್ನೂ ಅವಳು ಬಿಡಲಿಲ್ಲ. ಆ ಮರಿಯ ಸಿಟ್ಟು ಮಗಳಲ್ಲಿ ಇನ್ನೂ ಆರಿರಲಿಲ್ಲ. ಅಂಚೆಯಲ್ಲಿ ಏನನ್ನು ಬೇಕಾದರೂ ತರಿಸಬಹುದು. ಮೂರು ದಿನ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಬ್ಬರನ್ನೂ ಕಾದಳು. ತಮ್ಮ ಚೀಲ ಇಳಿಸಿದರೆ ಚೀಲ ತಡವಿದಳು. ಮಗಳು ಕಚೇರಿಗೆ ಹೋದರೆ ಅವಳ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು. ಸಂಜೆ ಅದನ್ನೆಲ್ಲ ಗಂಡನ ಮುಂದೆ ಹೇಳಿಕೊಂಡಳು. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗಡಿಯಾರದ ಬೆನ್ನು ಬಿಚ್ಚಿ ಕುಳಿತಿದ್ದ.

"ಯಾರ ಮೇಲಾದ್ರೂ ತಪ್ಪು ಹೊರಿಸೋ ಮುಂಚೆ ಇನ್ನೊಂದ್ಸಲ ಎಣಿಸಬಾರದಾ?" ಎಂದ.

"ಮೂರು ಸಲ ಎಣಿಸಿದೀನಿ ರೀ."

ಅವನು ಭೂತಗನ್ನಡಿ ಸರಿಪಡಿಸಿಕೊಂಡು ಗಡಿಯಾರದ ಮೇಲೆ ಬಗ್ಗಿದ.

ನಾಲ್ಕನೆಯ ದಿನ ಅವಳ ತಾಳ್ಮೆಯ ಕಟ್ಟೆಯೊಡೆಯಿತು. ಮಂದೆಯನ್ನು ಹೊರಡಿಸುತ್ತಿದ್ದ ತಮ್ಮನನ್ನು ಹಟ್ಟಿಯ ಬಾಗಿಲಲ್ಲೇ ಅಡ್ಡಗಟ್ಟಿದಳು.

"ಟಗರಿಗೆ ಏನು ಕುಡಿಸಿದೆಯೋ?"

"ಏನಕ್ಕ?"

"ಮುಲಾಮು ಅಂತ ನೆವ ಹೇಳಿ ಏನು ತಂದೆ? ನಾಚಿಕೆ ಆಗಲ್ವೇನೋ? ಅಪ್ಪನ ಕುರಿ ಹೂಳಿದ ಕೈ ಅದು!"

ತಮ್ಮ ಜೇಬಿನಿಂದ ಮುಲಾಮಿನ ಡಬ್ಬಿ ತೆಗೆದು ಅವಳ ಕಾಲ ಬಳಿ ಎಸೆದ. ಎಸೆದು ತನ್ನ ಚಪ್ಪಲಿ ಕಳಚಿ ಹಿಮ್ಮಡಿ ತೋರಿಸಿದ. ಬೆರಳುದ್ದದ ಬಿರುಕು, ರಕ್ತ ಒಸರುತ್ತಿತ್ತು.

"ಗೊರಸು ನಂದೇ ಅಕ್ಕ. ಕುರಿ ಮುಲಾಮೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತಂದೆ. ಮನುಷ್ಯರದ್ದು ಹಚ್ಚಿದ್ರೆ ನಿನ್ನ ಮಂದೆ ಹಿಂದೆ ನಡೆಯೋಕಾಗಲ್ಲ." ಅವನು ಚಪ್ಪಲಿ ಮೆಟ್ಟಿಕೊಂಡ. "ಮನುಷ್ಯರನ್ನ ನಂಬಲ್ಲ ಅಂದ್ರೆ ಬೇಡ ಬಿಡು. ಕುರೀನೇ ಕೇಳು. ಅಪ್ಪನ ಕಾಲದಲ್ಲಿ ನಾನೇ ತಾನೇ ಔಷಧ ಕುಡಿಸ್ತಿದ್ದದ್ದು? ತಿಂಗಳುಗಟ್ಟಲೆ ಒಂದು ಕುರೀನೂ ನನ್ನ ಹತ್ರ ಸುಳೀತಿರಲಿಲ್ಲ. ದವಡೆ ಹಿಡಿದು ಕಹಿ ಸುರಿದವನನ್ನ ಅದು ಮರೆಯುತ್ತಾ?"

ಅವನು ಎಡಗೈಯನ್ನು ಟಗರಿನ ದವಡೆಯ ಕೆಳಗೆ ಚಾಚಿದ. ಟಗರು ಕತ್ತು ಮುಂದೆ ಮಾಡಿ ಅವನ ಅಂಗೈ ಮೂಸಿತು, ನೆಕ್ಕಿತು, ಇನ್ನೂ ಬೇಕೆನ್ನುವಂತೆ ಮೂತಿಯಿಂದ ನೂಕಿತು. ತಮ್ಮ ಅಕ್ಕನ ಮುಖವನ್ನೊಮ್ಮೆ ನೋಡಿ, ಕೋಲನ್ನು ಬೇಲಿಗೊರಗಿಸಿ ನಡೆದುಬಿಟ್ಟ.

ಹಿಕ್ಕೆಯಕ್ಕ ಕರೆಯಲಿಲ್ಲ. ತಪ್ಪಾಯಿತೆಂಬ ಮಾತು ಅವಳ ಗಂಟಲಿಗೆ ಹೊಸದು; ಅಷ್ಟು ಬೇಗ ಹೊರಡುವಂಥದ್ದಲ್ಲ. ಆದರೆ ತಮ್ಮ ಬಿಟ್ಟುಹೋದ ಮಾತನ್ನು ಅವಳು ಬಿಡಲಿಲ್ಲ. ಸಂಜೆ ಮಗಳು ಬಂದೊಡನೆ, ಕೈಚೀಲ ಇಳಿಸಲೂ ಬಿಡದೆ, ಹಟ್ಟಿಗೆ ಕರೆದಳು.

"ಬಾ ಇಲ್ಲಿ. ಟಗರಿನ ದವಡೆ ಹಿಡಿ."

"ಯಾಕಮ್ಮ? ಕಚೇರಿಯಿಂದ ಬಂದವಳಿಗೆ ನೀರು ಬೇಕಾ ಅಂತಾನೂ ಕೇಳಲ್ಲ, ಟಗರಿನ ದವಡೆ ಹಿಡಿಬೇಕಾ?"

"ಹಿಡಿ ಅಂದ್ರೆ ಹಿಡಿ."

ಮಗಳು ಸೀರೆ ಎತ್ತಿಕೊಂಡು, ಮೂಗು ಮುಚ್ಚಿಕೊಂಡು, ಎರಡು ಬೆರಳಲ್ಲಿ ದವಡೆ ಮುಟ್ಟಿದಳು. ಟಗರಿಗೆ ಅವಳ ಗೊಡವೆಯೇ ಇರಲಿಲ್ಲ; ಬಳೆಯನ್ನು ಕಚ್ಚಿ ನೋಡಿ ಬಿಟ್ಟಿತು. "ಸರಿನಾ? ನನ್ನ ಪೆಟ್ಟಿಗೆ ತಡಕಿದ್ದಾಯ್ತು, ಈಗ ಟಗರಿನ ಸಾಕ್ಷಿನೂ ಆಯ್ತು. ನೆರೆಮನೆ ಬೆಕ್ಕನ್ನೂ ಕರೀಲಾ?" ಎಂದಳು.

ಅಷ್ಟರಲ್ಲಿ ಗಂಡ ಅಂಗಡಿ ಮುಚ್ಚಿ ಬಂದಿದ್ದ. ಹೆಂಡತಿ ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಕೇಳಿ ಲೋಟದಲ್ಲಿ ಚಹಾ ಹಿಡಿದುಕೊಂಡು ಹಟ್ಟಿಯ ಬಾಗಿಲಿಗೆ ಬಂದ. ಹಟ್ಟಿಗೆ ಕಾಲಿಡದವನಾದ್ದರಿಂದ ಬಾಗಿಲಾಚೆಯೇ ನಿಂತು ಕೈ ಚಾಚಿದ.

ಟಗರು ತಲೆಯೆತ್ತಿತು. ಹಲ್ಲು ಬಿಗಿಹಿಡಿದು, ಕತ್ತು ಹಿಂದಕ್ಕೆ ಸೆಳೆದು, ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

ಅದಷ್ಟೇ ಆಗಿದ್ದರೆ ಅವಳು ಏನಾದರೂ ಸಮಾಧಾನ ಹೇಳಿಕೊಳ್ಳುತ್ತಿದ್ದಳೋ ಏನೋ. ಆದರೆ ಬಾಗಿಲ ಬಳಿ ಮಲಗಿದ್ದ ಮುದಿ ಕುರಿ ಎದ್ದು ಹಿಂದಕ್ಕೆ ಹೋಯಿತು. ಅದರ ಪಕ್ಕದ ಎರಡು ಹೋದವು. ಅವುಗಳ ಹಿಂದೆ ಐದು, ಹತ್ತು. ನೋಡನೋಡುತ್ತ ಮಂದೆಯಲ್ಲಿ ಒಂದು ದಾರಿ ಬಿಚ್ಚಿಕೊಂಡಿತು: ದೂರದ ಗೋಡೆಗೆ ಒತ್ತಿಕೊಂಡು, ದವಡೆ ಬಿಗಿದು ನಿಂತ ಕುರಿಗಳ ರಾಶಿ ಅತ್ತ, ಏನಾಯಿತೆಂದು ತಿಳಿಯದೆ ಮೆಲುಕು ಹಾಕುತ್ತ ಬಾಗಿಲ ಬಳಿಯೇ ಉಳಿದ ಬೆರಳೆಣಿಕೆಯ ಕುರಿಗಳು ಇತ್ತ. ಚಹಾದ ಲೋಟವನ್ನು ಅವನು ಬಾಗಿಲ ಪಕ್ಕದ ಕಲ್ಲಿನ ಮೇಲಿಟ್ಟ.

"ಎಷ್ಟು ವರ್ಷದಿಂದ?" ಎಂದು ಅವಳು ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ. "ಮೊದಲನೇ ವರ್ಷ ಬಿಟ್ಟು ಎಲ್ಲಾ ವರ್ಷ."

"ಯಾವಾಗ?"

"ಗುರುವಾರ. ಮಧ್ಯಾಹ್ನ ಮಂದೆ ಹಟ್ಟಿಗೆ ಬಂದು, ನಿನ್ನ ತಮ್ಮ ಊಟಕ್ಕೆ ಹೋಗಿ, ನೀನು ಎಣಿಸೋಕೆ ಕೂತಾಗ." ಅವನೇ ಸೇರಿಸಿದ, "ಕಣ್ಣು ಬೆಳ್ಳಗಾಗ್ತಿರೋದು ನನ್ನ ಭೂತಗನ್ನಡೀಲಿ ಬೇಗ ಗೊತ್ತಾಗುತ್ತೆ. ನಿನ್ನ ಸೋಮವಾರ ಬರೋ ಹೊತ್ತಿಗೆ ಕೆಂಪಾಗಿರ್ತಿತ್ತು. ಗಡಿಯಾರದ ಬಿಡಿಭಾಗ ತರೋಕೆ ಪೇಟೆಗೆ ಹೋದಾಗ ಅಲ್ಲಿಂದ ಔಷಧ ತರ್ತಿದ್ದೆ. ಹಳೇದು ಸಿಗೋದು ನಿಂತುಹೋಯ್ತು. ಈ ಸಲ ಹೊಸದು ಕೊಟ್ಟರು."

ಒಂಬತ್ತು ವರ್ಷದ ಒಗಟು ಅವಳಿಗೆ ಒಂದೇ ಉಸಿರಿನಲ್ಲಿ ಬಿಡಿಸಿಕೊಂಡಿತು. ಹಳೆಯ ಔಷಧಕ್ಕೆ ಹುಳುಗಳು ಅರ್ಧ ಒಗ್ಗಿದ್ದವು. ಅದು ಮೊಟ್ಟೆಯನ್ನು ಎರಡು ಸಾವಿರದಿಂದ ಮುನ್ನೂರಕ್ಕೆ ಇಳಿಸುತ್ತಿತ್ತೇ ಹೊರತು ಸೊನ್ನೆ ಮಾಡುತ್ತಿರಲಿಲ್ಲ. ಅವಳು ಮೈಯ ಬಲವೆಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಮುನ್ನೂರು, ಇನ್ನೂರೈವತ್ತುಗಳೆಲ್ಲ ಗಂಡನ ಕೈಚಳಕ. ಹೊಸ ಔಷಧ ಚುರುಕಾಗಿದ್ದರಿಂದ ಮಾತ್ರ ಗುಟ್ಟು ರಟ್ಟಾಯಿತು.

"ಯಾಕ್ರೀ?"

ಅವನು ಮಗಳ ಕಡೆ ನೋಡಿದ. "ಅವತ್ತು ಇವಳು ಎರಡು ದಿನ ಊಟ ಬಿಟ್ಟಳಲ್ಲ. ನಿನಗೆ ಹೇಳೋ ಧೈರ್ಯ ಇರಲಿಲ್ಲ. ಇನ್ನೊಂದು ಮರಿ ಕಿವೀಲಿ ದಾರ ನೋಡೋ ಶಕ್ತೀನೂ ಇರಲಿಲ್ಲ."

"ನಾನು ಕೇಳಿದ್ನಾ ಅಪ್ಪ? ಅಮ್ಮನ ಕಣ್ಣಿಗೆ ಮಣ್ಣೆರಚು ಅಂತ ನಾನು ಕೇಳಿದ್ನಾ?" ಎಂದಳು ಮಗಳು. ತಾಯಿಯ ಪರವಾಗಿ ಅವಳು ಮಾತನಾಡಿದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು.

ಹಿಕ್ಕೆಯಕ್ಕ ಚಹಾ ಕುಡಿಯಲಿಲ್ಲ. ಕೋಣೆಗೆ ಹೋಗಿ ಮೇಜನ್ನು ಒಬ್ಬಳೇ ದರದರನೆ ಎಳೆದು, ಹಟ್ಟಿ ಕಾಣುವ ತೆಂಕಣ ಕಿಟಕಿಗೆ ಹಾಕಿಕೊಂಡಳು. ಎರಡು ದಿನ ಆ ಮನೆಯಲ್ಲಿ ಗಡಿಯಾರಗಳ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಮ್ಮನ ಮನೆಗೆ ಹೋಗಿ, ಹೊಸ್ತಿಲ ಹೊರಗೇ ನಿಂತು, "ಹಿಮ್ಮಡಿ ಹೇಗಿದೆ?" ಎಂದು ಕೇಳಿದಳು. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ಅವಳಿಂದ ಹೊರಡದೆಂದು ತಿಳಿದಿದ್ದ ತಮ್ಮ ಕೋಲು ಹಿಡಿದು ಬಂದ.

ಮೊದಲೇ ಗೊತ್ತುಮಾಡಿದ್ದ ದಿನ ಹನ್ನೊಂದು ಮನೆಯವರೂ ಕುರಿ ಹೊಡೆದುಕೊಂಡು ಹಟ್ಟಿಯ ಮುಂದೆ ನೆರೆದರು. ಅಧ್ಯಕ್ಷನಿಗೆ ಹಿಂದಿನ ದಿನವೇ ವಿಷಯ ತಿಳಿದಿತ್ತು. ಅವನು ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ, "ಟಗರಿಗೆ ಕಾಲು ಉಳುಕಿದೆ ಅಂದುಬಿಡು ತಾಯಿ. ಮನೆ ಮಾತು ಬೀದಿಗೆ ಯಾಕೆ? ನಿನ್ನ ಮರ್ಯಾದೆ ಉಳಿಯುತ್ತೆ."

"ನನ್ನ ಮರ್ಯಾದೆ ಟಗರಿನ ಕಾಲಲ್ಲಿಲ್ಲ," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಕಟ್ಟೆ ಹತ್ತಿ ನಿಂತು, ಟಗರು ಔಷಧ ಕುಡಿದಿದೆ, ಮಂದೆಯಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಕುಡಿದಿದೆ, ಕುಡಿಸಿದವರು ತನ್ನ ಮನೆಯವರೇ, ಒಂಬತ್ತು ವರ್ಷ ತನ್ನ ಮೂಗಿನಡಿ ನಡೆದದ್ದು ತನಗೆ ಕಾಣಲಿಲ್ಲ, ಆದ್ದರಿಂದ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ, ನಿಮ್ಮ ಮರಿಗಳಿಗೆ ಔಷಧ ನಿಲ್ಲಿಸಬೇಡಿ ಎಂದು ಒಂದೇ ದನಿಯಲ್ಲಿ ಹೇಳಿ ಮುಗಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ, "ಹಿಕ್ಕೆ ನೋಡ್ತಾ ನೋಡ್ತಾ ಗಂಡನ್ನ ನೋಡೋದು ಮರೆತಳು," ಎಂದ. ನಗು ಹರಡಿತು. ಅವಳು ಕಟ್ಟೆಯಿಂದ ಇಳಿಯದೆ, ನಗು ಪೂರ್ತಿ ಮುಗಿಯುವವರೆಗೆ ನಿಂತಿದ್ದು, ಆಮೇಲೆ ಇಳಿದಳು.

ಆ ಮಧ್ಯಾಹ್ನ ವರ್ಷಕ್ಕೊಂದರಂತೆ ಎಣಿಕೆ ಬರೆದಿಟ್ಟಿದ್ದ ಒಂಬತ್ತೂ ದಾಖಲೆ ಪುಸ್ತಕಗಳನ್ನು ಮೇಜಿನ ಮೇಲೆ ಪೇರಿಸಿ ಗಂಡನನ್ನು ಎದುರಿಗೆ ಕೂರಿಸಿದಳು. ಅವನು ಏನನ್ನೂ ಬರೆದಿಟ್ಟಿರಲಿಲ್ಲ. ಆದರೆ ಹತ್ತು ವರ್ಷದ ಹಿಂದೆ ಬಿಚ್ಚಿದ ಗಡಿಯಾರದ ಹಲ್ಲುಚಕ್ರವನ್ನೂ ನೆನಪಿಟ್ಟುಕೊಳ್ಳುವ ತಲೆ ಅದು. ಅವಳು ಸಂಖ್ಯೆ ಓದುತ್ತ ಹೋದಳು; ಅವನು ಹೌದು ಅಥವಾ ಇಲ್ಲ ಎನ್ನುತ್ತ ಹೋದ.

ಅವಳು ಹಾಗೆಯೇ ನಂಬಿದಳೆಂದು ಯಾರೂ ತಿಳಿಯಬೇಕಾಗಿಲ್ಲ. ನಡುನಡುವೆ ಸತ್ತ ಕುರಿಯ ಸಂಖ್ಯೆ ಹಾಕಿ ಕೇಳಿದಳು. ಎಂದೂ ಇಲ್ಲದ ಸಂಖ್ಯೆ ಹಾಕಿ ಕೇಳಿದಳು. "ಆ ನಂಬರಿನ ಕುರೀನೇ ಇರಲಿಲ್ಲ ಕಣೇ," ಎಂದ ಅವನು, ಬೇಸರವಿಲ್ಲದೆ. ಕೊನೆಗೆ ಹತ್ತೊಂಬತ್ತು ಕುರಿಗಳು ಉಳಿದವು, ಅವನ ಕೈ ಸೋಕದವು. ಆಗ ಅವನನ್ನು ಹಟ್ಟಿಯೊಳಗೆ ನಿಲ್ಲಿಸಿ, ಹತ್ತೊಂಬತ್ತನ್ನೂ ಒಂದೊಂದಾಗಿ ಎದುರಿಗೆ ಬಿಟ್ಟಳು. ಹದಿನೆಂಟು ಅವನ ಅಂಗೈ ಮೂಸಿದವು. ಒಂದು ಹಿಂದೆ ಸರಿಯಿತು.

"ಇದಕ್ಕೆ ಕುಡಿಸಿಲ್ಲ. ಆಣೆಗೂ ಇಲ್ಲ. ಒಂದ್ಸಲ ಕಣ್ಣಿಗೆ ಉಣ್ಣೆ ಬೀಳ್ತಿತ್ತು ಅಂತ ಕತ್ತರಿಸಿದ್ದೆ, ಅದಕ್ಕೆ ಹೆದರುತ್ತೆ," ಎಂದ ಗಂಡ.

"ಇರಬಹುದು," ಎಂದು ಅವಳು ಅದರ ಸಂಖ್ಯೆಯನ್ನೂ ಪಟ್ಟಿಯಿಂದ ಹೊಡೆದುಹಾಕಿದಳು.

ಐವತ್ತೆರಡನೆಯ ವಯಸ್ಸಿನಲ್ಲಿ ಆ ಹದಿನೆಂಟರಿಂದ ಅವಳು ಮತ್ತೆ ಮೊದಲಿಟ್ಟಳು. ಕಟ್ಟಳೆಯಲ್ಲಿ ಎರಡು ತಿದ್ದುಪಡಿಗಳಾದವು. ಔಷಧ ಬೇಕಾದ ಕುರಿಯನ್ನು ಕಟುಕನಿಗೆ ಕೊಡದೆ, ಬೇಲಿಯಾಚೆ ಬೇರೆ ಹಟ್ಟಿಯಲ್ಲಿಟ್ಟು, ಟಗರಿನ ಜೊತೆ ಬಿಡದೆ, ಉಣ್ಣೆಗಾಗಿ ಸಾಕುವುದು. ಅದು ಗಂಡನ ಕೋರಿಕೆ. ಎರಡನೆಯದು ಅವಳದು: ಪ್ರತಿ ಹಿಕ್ಕೆಯನ್ನೂ ಇಬ್ಬರು ಎಣಿಸುವುದು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಚೀಟಿಯಲ್ಲಿ ಬರೆದು, ಮಗಳ ಮುಂದೆ ಬಿಚ್ಚಿ ಹೋಲಿಸುವುದು. ಕರುಣೆಯನ್ನು ಕಣ್ಗಾವಲಿಲ್ಲದೆ ಬಿಡಬಾರದೆಂಬುದು ಅವಳ ಅಭಿಪ್ರಾಯ. ಕಠಿಣತನವನ್ನೂ ಹಾಗೆ ಬಿಡಬಾರದೆಂಬುದು ಗಂಡನದು. ಗುರುವಾರ ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನ ಎರಡು ತುದಿಗಳಲ್ಲಿ, ಕೈ ಮರೆಮಾಡಿಕೊಂಡು ಪರೀಕ್ಷೆ ಬರೆಯುವ ಮಕ್ಕಳಂತೆ ಕೂರುತ್ತಿದ್ದರು. ಎಣಿಕೆ ತಾಳೆಯಾಗದ ದಿನ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಮೂರನೆಯ ಪಟ್ಟಿ ಮಾಡುತ್ತಿದ್ದರು. ತಾಳೆಯಾದ ದಿನ ಅವಳು ಇನ್ನೂ ಹೆಚ್ಚು ಅನುಮಾನಿಸುತ್ತಿದ್ದಳು.

ಎಂಟನೆಯ ವರ್ಷ ಹದಿನೆಂಟರ ಪೀಳಿಗೆಯಿಂದ ಒಂದು ಟಗರು ಬಂತು. ಮಳೆಗಾಲದ ನಡುವಿನಲ್ಲಿ, ಊರಿನ ಕುರಿಗಳೆಲ್ಲ ಬಿಳಿಚಿಕೊಂಡಿದ್ದಾಗ, ಅವಳ ಚೀಟಿಯಲ್ಲಿ ನಾನೂರು, ಗಂಡನದರಲ್ಲಿ ನಾನೂರೈವತ್ತು. ಅಧ್ಯಕ್ಷನಿಗೆ ನಿರಾಶೆ. "ಹೋದ ಟಗರು ಸೊನ್ನೆ ತೋರಿಸಿತ್ತಲ್ಲ ತಾಯಿ?"

"ಅದಕ್ಕೇ ಇದು ವಾಸಿ," ಎಂದಳು ಹಿಕ್ಕೆಯಕ್ಕ. ಆದರೂ ಇನ್ನೂ ಎರಡು ಮಳೆಗಾಲ ಕಾದು, ಅದರ ಮರಿಗಳನ್ನು ನೋಡಿ, ಆಮೇಲೆಯೇ ಹೊರಗೆ ಕೊಟ್ಟಳು. ಅಂದು ನಕ್ಕ ಮನೆಯವರಲ್ಲಿ ಏಳು ಮಂದಿ ಮತ್ತೆ ಬಂದರು, ನಾಲ್ವರು ಬರಲಿಲ್ಲ. ಬಂದವರ ಮರಿಗಳು ನಿಂತವು. ಬಾರದವರನ್ನು ಅವಳು ಕರೆಯಲೂ ಇಲ್ಲ, ದೂರಲೂ ಇಲ್ಲ.

ಒಂದು ಬುಧವಾರ ಬೆಳಿಗ್ಗೆ, ಹೊಲದ ಏರಿಯಲ್ಲಿ, ಕುರಿಯ ಹಿಂದೆ ನಡೆಯುತ್ತಿದ್ದವಳು ಕುಳಿತಳು, ಮತ್ತೆ ಏಳಲಿಲ್ಲ. ತಮ್ಮ ಪಕ್ಕದಲ್ಲಿದ್ದ.

ಅವಳು ಬಿಟ್ಟುಹೋದದ್ದು: ಗಂಡ ಒಬ್ಬ, ಮಗಳು ಒಬ್ಬಳು, ತಮ್ಮ ಒಬ್ಬ. ತಿರುಪು ಮೂರು ಸಲ ಬದಲಾಯಿಸಿದ ಸೂಕ್ಷ್ಮದರ್ಶಕ ಒಂದು. ದಾಖಲೆ ಪುಸ್ತಕಗಳು ಇಪ್ಪತ್ತನಾಲ್ಕು. ಅವುಗಳಲ್ಲಿ ಮೊದಲ ಒಂಬತ್ತರ ರಟ್ಟಿನ ಮೇಲೆ 'ನಂಬಬೇಡಿ' ಎಂದು ಅವಳದೇ ಕೈಬರಹ. ಓದುವ ಕನ್ನಡಕ ಎರಡು, ಒಂದರ ಕಾಲು ಗಡಿಯಾರದ ತಂತಿಯಿಂದ ಕಟ್ಟಿದ್ದು. ಉಪ್ಪಿನ ಚೀಲ ಅರ್ಧ. ಬೇಲಿಯಾಚೆಯ ಹಟ್ಟಿಯಲ್ಲಿ ಔಷಧ ಕುಡಿದು ಬದುಕಿದ ಮೂವತ್ತಾರು ಕುರಿಗಳು, ಕೆಲವು ಹಲ್ಲುದುರಿದವು. ಈಚೆಯ ಹಟ್ಟಿಯಲ್ಲಿ ಕುಡಿಯದೆ ಬದುಕಿದ ನೂರನಾಲ್ಕು. ಏಳು ಮಂದೆಗಳಲ್ಲಿ ಅವುಗಳ ಸಂತತಿಯ ಹನ್ನೆರಡು ಟಗರುಗಳು. ಅವುಗಳ ಪೈಕಿ ಎರಡನ್ನು ಅವಳು ಕೊನೆಯವರೆಗೂ ನಂಬಿರಲಿಲ್ಲ.